ನೂರ ನಲವತ್ತರಷ್ಟು ತಡ

ಆ ಗಿಟಾರು ನನ್ನ ಅಂಗಡಿಗೆ ಬಂದದ್ದು ಅರೇಹಳ್ಳಿ ಕಡೆಯಿಂದ, ಒಂದು ಕಾಫಿ ಚೀಲದೊಳಗೆ. ತಂದವರು ಅಲ್ಲಿ ಹೋಂಸ್ಟೇ ನಡೆಸುವವರು. "ಗೆಸ್ಟುಗಳು ಕುಣಿದು ಕೆಡಿಸಿಟ್ಟಿದ್ದಾರೆ. ಬೇಲೂರಲ್ಲಿ ಯಾರಿಗೂ ಇದೇನು ಅಂತಾನೇ ಗೊತ್ತಾಗ್ಲಿಲ್ಲ, ನೀವಾದ್ರೂ ನೋಡಿ" ಎಂದು ಮೇಜಿನ ಮೇಲೆ ಸುರಿದು ಹೋದರು. ತಂತಿಯೇ ಇಲ್ಲದ ಪ್ಲಾಸ್ಟಿಕ್ ಗಿಟಾರು. ಅದರ ಕತ್ತಿನ ಮೇಲೆ ಐದು ಬಣ್ಣದ ಗುಂಡಿಗಳು: ಹಸಿರು, ಕೆಂಪು, ಹಳದಿ, ನೀಲಿ, ಕಿತ್ತಳೆ. ತಂತಿ ಮೀಟುವ ಜಾಗದಲ್ಲಿ ಮೇಲೆ ಕೆಳಗೆ ಆಡುವ ಒಂದು ಪಟ್ಟಿ. ಜೊತೆಗೆ ಟಿವಿಗೆ ಸಿಕ್ಕಿಸುವ ವೀಡಿಯೋ ಗೇಮು. ಒಳಗೆ ಒಂದು ವೈರು ಕಿತ್ತಿತ್ತು, ಅಷ್ಟೇ. ಬೆಸುಗೆ ಹಾಕಿ ಮೂರು ಸಲ ಫೋನ್ ಮಾಡಿದೆ. ಮೂರನೇ ಸಲ ಅವರು, "ಅಯ್ಯೋ ನೀವೇ ಇಟ್ಕೊಳಿ ಮೇಡಂ, ಈಗಿನ ಗೆಸ್ಟುಗಳಿಗೆ ರಾತ್ರಿ ಕ್ಯಾಂಪ್ ಫೈರ್ ಹಾಕಿಕೊಟ್ರೆ ಸಾಕು" ಎಂದುಬಿಟ್ಟರು.

ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ನನ್ನದು ರಿಪೇರಿ ಅಂಗಡಿ. ಮಿಕ್ಸಿ, ಟಿವಿ, ರಿಮೋಟು, ಕೆಟ್ಟದ್ದೆಲ್ಲ ಬರುತ್ತದೆ. ಇಷ್ಟು ವರ್ಷವಾದರೂ ಹೊಸಬರು ಬಂದರೆ ನನ್ನನ್ನು ದಾಟಿ ಒಳಗೆ ಇಣುಕಿ, "ರಿಪೇರಿಯವ್ರು ಇಲ್ವಾ?" ಎನ್ನುತ್ತಾರೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಇದ್ದಾರೆ, ನಿಮ್ ಕಣ್ಣಿಗೆ ಕಾಣ್ತಿಲ್ಲ ಅಷ್ಟೇ" ಎನ್ನುತ್ತೇನೆ. ಮಧ್ಯಾಹ್ನ ಊಟವಾದ ಮೇಲೆ ಶಟರನ್ನು ಅರ್ಧ ಇಳಿಸಿ ಒಂದಿಷ್ಟು ಹೊತ್ತು ಒಬ್ಬಳೇ ಇರುವುದು ರೂಢಿ. ಆ ಹೊತ್ತಿನಲ್ಲಿ ಸ್ಟೇಷನ್ನಿನ ಅನೌನ್ಸ್‌ಮೆಂಟು ದೂರದಿಂದ ತೇಲಿಬರುತ್ತದೆ, ಅರ್ಧ ಶಟರಿನ ಕೆಳಗಿಂದ ಬಿಸಿಲು ಒಂದು ಮೊಳ ಒಳಗೆ ಬಂದು ನಿಂತುಕೊಳ್ಳುತ್ತದೆ, ಎದ್ದಿದ್ದೀನೋ ಮಲಗಿದ್ದೀನೋ ಎನ್ನುವುದೇ ತಿಳಿಯುವುದಿಲ್ಲ. ನಾನು ಗಿಟಾರು ಆಟ ಕಲಿತದ್ದು ಆ ಹೊತ್ತಿನಲ್ಲೇ.

ಆಟ ಇಷ್ಟೇ. ಟಿವಿಯೊಳಗಿಂದ ಒಂದು ಕಪ್ಪು ರಸ್ತೆ ನಮ್ಮ ಕಡೆಗೆ ಹರಿದುಬರುತ್ತದೆ. ಅದರ ಮೇಲೆ ಬಣ್ಣದ ಬಿಲ್ಲೆಗಳು. ಬಿಲ್ಲೆ ಬಂದು ಕೆಳಗಿನ ಗೆರೆ ಮುಟ್ಟಿದ ಕ್ಷಣಕ್ಕೆ ಅದೇ ಬಣ್ಣದ ಗುಂಡಿ ಒತ್ತಿ ಪಟ್ಟಿ ಮೀಟಬೇಕು. ಸರಿಯಾದರೆ ಹಾಡಿನಲ್ಲಿ ಗಿಟಾರು ನುಡಿಯುತ್ತದೆ. ತಪ್ಪಿದರೆ ಗಿಟಾರಿನ ದನಿ ಮಾತ್ರ ಮಾಯವಾಗುತ್ತದೆ. ಡ್ರಮ್ಮು ಬಾರಿಸುವವನು, ಹಾಡುವವನು ನಮ್ಮನ್ನು ಬಿಟ್ಟು ಮುಂದೆ ಹೋಗುತ್ತಲೇ ಇರುತ್ತಾರೆ. ಹಾಡುಗಳೆಲ್ಲ ಇಂಗ್ಲಿಷಿನವು, ಒಂದಕ್ಷರ ಅರ್ಥವಾಗುತ್ತಿರಲಿಲ್ಲ, ಆದರೂ ಹತ್ತು ದಿನದಲ್ಲಿ ನನಗೆ ಹುಚ್ಚು ಹಿಡಿಯಿತು. ಎರಡು ಹಾಡು ಆಡಿ ತಲೆಯೆತ್ತಿದರೆ ಅಂಗಡಿಯ ಗೋಡೆ ನಿಧಾನವಾಗಿ ಮೇಲಕ್ಕೆ ಹರಿಯುತ್ತಿತ್ತು. ಗೋಡೆ, ಅದರ ಮೇಲಿನ ಕ್ಯಾಲೆಂಡರು, ಮೊಳೆಗೆ ನೇತುಹಾಕಿದ ವೈರಿನ ಸುರುಳಿ, ಎಲ್ಲವೂ ಮೇಲೇರಿ ಮೇಲೇರಿ ಎಲ್ಲಿಗೂ ಹೋಗದೆ ಅಲ್ಲೇ ಇರುತ್ತಿದ್ದವು. ಅದನ್ನು ನೋಡಲಿಕ್ಕೆಂದೇ ನಾನು ಇನ್ನೊಂದು ಹಾಡು ಹಾಕುತ್ತಿದ್ದೆ.

ಆಷಾಢದ ಮೊದಲಲ್ಲಿ ಅಪ್ಪ ಬಂದರು. ಜಾವಗಲ್ ದಾಟಿ ಹಳೇಬೀಡು ಇನ್ನೂ ಸ್ವಲ್ಪ ದೂರ ಇರುವಾಗ ಸಿಗುತ್ತದೆ ನಮ್ಮೂರು. ಅಲ್ಲಿ ಅಣ್ಣನ ಸಂಸಾರದ ಜೊತೆ ಅವರಿರುವುದು. ಒಂದು ಕೈಚೀಲ, ಚೀಲದೊಳಗೆ ಟವೆಲಿನಲ್ಲಿ ಸುತ್ತಿದ ಕಂಚಿನ ತಾಳ. "ನಾಲ್ಕ್ ದಿನ ಇದ್ದು ಬತ್ತೀನಿ ಅಂತ ಬಂದೆ" ಎಂದರು. ನಾಲ್ಕು ದಿನಕ್ಕೆ ಬರುವ ಮನುಷ್ಯ ತಾಳ ಯಾಕೆ ತರುತ್ತಾರೆ? ನನಗೆ ಬುದ್ಧಿ ಬಂದಾಗಿನಿಂದ ಆ ತಾಳ ನಮ್ಮೂರ ಈಶ್ವರನ ಗುಡಿಯ ಭಜನೆ ಬಿಟ್ಟು ಬೇರೆ ಕಡೆ ಹೋದದ್ದಿಲ್ಲ. ಪ್ರತಿ ಸೋಮವಾರ ದೀಪ ಹಚ್ಚುವ ಹೊತ್ತಿಗೆ ಭಜನೆ. ಹಾಡುವವರು ಯಾರೇ ಇರಲಿ, ತಾಳ ಅಪ್ಪನದು. ತಾಳ ಹಿಡಿದವರನ್ನು ಬಿಟ್ಟು ಯಾರೂ ಮುಂದೆ ಹೋಗುವ ಹಾಗಿಲ್ಲ, ಶುರು ಮಾಡಿದ ಹಾಡನ್ನು ನಡುವೆ ನಿಲ್ಲಿಸುವ ಹಾಗಿಲ್ಲ. ನಮ್ಮೂರ ಭಜನೆಗೆ ಇದ್ದ ಕಾನೂನು ಇವೆರಡೇ.

ಹಿಂದಿನ ವರ್ಷ ಅಪ್ಪ ಕೊಬ್ಬರಿ ಅಟ್ಟದ ಏಣಿಯಿಂದ ಜಾರಿ ಬಲಗೈ ಮುರಿದುಕೊಂಡಿದ್ದರು. ಮೂಳೆ ಕೂಡಿತು, ಆದರೆ ಕೈ ಮೊದಲಿನ ಹಾಗೆ ಆಗಲಿಲ್ಲ. ಈ ಬೇಸಿಗೆಯಲ್ಲಿ ಢೋಲಕ್ ಬಾರಿಸುವ ಹೊಸ ಹುಡುಗ ಕರೆಂಟಿನ ತಾಳದ ಪೆಟ್ಟಿಗೆಯೊಂದನ್ನು ತಂದನಂತೆ. ಗುಂಡಿ ಒತ್ತಿದರೆ ತಾನೇ ಟಕ್ ಟಕ್ ಎನ್ನುತ್ತದೆ. ಒಂದು ಸೋಮವಾರ ಅಪ್ಪನ ತಾಳ ಪೆಟ್ಟಿಗೆಗಿಂತ ಹಿಂದೆ ಬಿತ್ತು. ಹಾಡಿನ ನಡುವೆಯೇ ಅವನು ಬಗ್ಗಿ, "ತಾತ, ನೀವು ಆರಾಮಾಗಿ ಕೂತ್ಕಳಿ, ಪೆಟ್ಟಿಗೆ ಐತಲ್ಲ" ಅಂದನಂತೆ. ಅಪ್ಪ ತಾಳವನ್ನು ಮಡಿಲಲ್ಲಿ ಇಟ್ಟುಕೊಂಡರು. ಹಾಡು ನಡೆಯುತ್ತಲೇ ಇತ್ತು.

"ಯಾರೂ ತಿರುಗಿ ನೋಡ್ಲಿಲ್ಲ ಕಣೇ" ಎಂದರು ಅಪ್ಪ.

ನನ್ನ ಮೈಯೆಲ್ಲ ಉರಿದುಹೋಯಿತು. ಫೋನ್ ತೆಗೆದು ಆ ಹುಡುಗನಿಗೆ ನಾಲ್ಕು ಮಾತು ಬಿಡೋಣ ಎಂದು ಹೊರಟೆ. ಅಪ್ಪ ಫೋನನ್ನೇ ಕಿತ್ತುಕೊಂಡರು. ಕಿತ್ತುಕೊಂಡದ್ದು ಒಳ್ಳೆಯದೇ ಆಯಿತು, ಯಾಕೆಂದರೆ ನನ್ನ ಬಾಯಿಯೂ ಶುದ್ಧ ಇರಲಿಲ್ಲ. ಯುಗಾದಿಗೆ ಊರಿಗೆ ಹೋದಾಗ ಅಪ್ಪನ ತಾಳ ತಡವಾಗಿ ಬೀಳುವುದನ್ನು ನಾನು ಗಮನಿಸಿದ್ದೆ. "ಏನಪ್ಪ, ನಿಮ್ಮ ತಾಳ ಜಾವಗಲ್ ಬಸ್ಸಾಗೋಯ್ತಲ್ಲ, ಯಾವಾಗ್ ಬರುತ್ತೋ ಶಿವನೇ ಬಲ್ಲ" ಎಂದು ಎಲ್ಲರೆದುರು ತಮಾಷೆ ಮಾಡಿದ್ದೆ. ಅವರೂ ನಕ್ಕಿದ್ದರು. ಈಗ ಅದು ನೆನಪಾಗಿ ಫೋನನ್ನು ವಾಪಸ್ ಕೇಳಲಿಲ್ಲ.

ಮಾರನೆಯ ದಿನ ಸಂಜೆ ನನ್ನ ಮಗಳು ಕಾಲೇಜಿನಿಂದ ನೇರ ಅಂಗಡಿಗೆ ಬಂದು ಗಿಟಾರು ನೇತುಹಾಕಿಕೊಂಡು ನಿಂತಳು. ಅಪ್ಪ ಸ್ಟೂಲಿನ ಮೇಲೆ ಕೂತು ನೋಡಿದರು. "ಇವ್ರು ಯಾಕೆ ಹಿಂಗ್ ಕಿರುಚ್ತವ್ರೆ, ಹೊಟ್ಟೆನೋವಾ?" ಎಂದು ಕೇಳಿದರು. ಮೂರನೇ ಹಾಡಿಗೆ ಅವರ ಬೆರಳು ಮೊಣಕಾಲ ಮೇಲೆ ಆಡುತ್ತಿತ್ತು.

"ಇದೂ ತಾಳಾನೇ ಅಲ್ವೇನೇ?" ಎಂದರು ನನ್ನ ಕಡೆ ತಿರುಗಿ. "ಇದೂ ಆ ಪೆಟ್ಟಿಗೆ ಥರಾನೇ, ಯಾರಿಗೂ ಕಾಯಲ್ಲ. ಇದ್ರ ಜೊತೆ ಹೊಡೆಯೋದು ಬಂದ್ರೆ ಅದ್ರ ಜೊತೇನೂ ಬತ್ತೈತೆ. ಶ್ರಾವಣದ ಮೊದ್ಲನೇ ಸೋಮವಾರ ಊರಿಗೆ ಹೋಗ್ತೀನಿ. ಪೆಟ್ಟಿಗೆ ಹಾಕ್ರಲಾ ಅಂತ ನಾನೇ ಹೇಳ್ತೀನಿ. ಆಯ್ತಾ, ಆಯ್ತು. ಆಗ್ಲಿಲ್ವಾ, ತಾಳಾನ ಗುಡಿ ಮೊಳೆಗೆ ನೇತ್ಹಾಕಿ ಬಂದ್ಬಿಡ್ತೀನಿ."

ಎಷ್ಟು ಸಲೀಸಾಗಿ ಹೇಳಿದರೆಂದರೆ, ನಾಳೆ ಸಂತೆಗೆ ಹೋಗಿ ಬರುತ್ತೀನಿ ಅಂದ ಹಾಗಿತ್ತು.

ಅವರು ಆಡುವುದನ್ನು ನೀವು ನೋಡಬೇಕಿತ್ತು. ಮೊದಲು ಚಪ್ಪಲಿ ಬಿಡುವುದು. ಗಿಟಾರನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಳ್ಳುವುದು. ಆಮೇಲೆ ಅದನ್ನು ಏಕತಾರಿಯ ಹಾಗೆ ನೆಟ್ಟಗೆ ಹೆಗಲಿಗೆ ಆನಿಸಿಕೊಂಡು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು. "ತಾತ, ಹಂಗಲ್ಲ!" ಎಂದು ಮಗಳು ತಿರುಗಿಸುತ್ತಿದ್ದಳು, ಇವರು ಮತ್ತೆ ನೆಟ್ಟಗೆ ಮಾಡುತ್ತಿದ್ದರು. ಅತೀ ಸುಲಭದ ಹಾಡು, ಮೂರೇ ಬಣ್ಣ. ಆದರೂ ಬಿಲ್ಲೆಗಳೆಲ್ಲ ಅವರ ಕೈ ತಪ್ಪಿಸಿಕೊಂಡು ಹೋಗುತ್ತಿದ್ದವು. ತಪ್ಪು ಹೆಚ್ಚಾದರೆ ಟಿವಿಯೊಳಗಿನ ಜನ ಹೋ ಎಂದು ಕೂಗಿ ಹಾಡು ಅರ್ಧಕ್ಕೇ ನಿಂತುಹೋಗುತ್ತದೆ. ಅಪ್ಪನಿಗೆ ಸೋತದ್ದಕ್ಕಿಂತ ಅದೇ ಸಹಿಸಲಾಗುತ್ತಿರಲಿಲ್ಲ. "ಹಾಡನ್ನ ಅರ್ಧಕ್ಕೆ ಬಿಡ್ತಾರೇನೇ? ಅಪಚಾರ!" ಎಂದು ಗೊಣಗಿ, ಟಿವಿ ಸುಮ್ಮನಾಗಿದ್ದರೂ ಆ ಇಂಗ್ಲಿಷ್ ಹಾಡಿನ ಉಳಿದ ಭಾಗವನ್ನು ತನನ ತನನ ಎಂದು ಬಾಯಲ್ಲಿ ಮುಗಿಸಿಯೇ ಏಳುತ್ತಿದ್ದರು. ಆಮೇಲೆ ಗೋಡೆಯ ಕಡೆ ನೋಡುತ್ತಾ ಕೂರುತ್ತಿದ್ದರು. "ಗೋಡೆ ಮೇಲಕ್ಕೆ ಹೋಯ್ತೈತೆ ಕಣೇ. ನಿಂಗೂ ಹಿಂಗೇ ಆಯ್ತದಾ?" "ಆಗುತ್ತಪ್ಪ." ಇಬ್ಬರೂ ಪಕ್ಕಪಕ್ಕ ಕೂತು ಗೋಡೆ ಮೇಲೇರುವುದನ್ನು ನೋಡುತ್ತಿದ್ದೆವು. ನನ್ನ ಜೀವನದಲ್ಲಿ ಅಪ್ಪನ ಜೊತೆ ಅಷ್ಟು ಹೊತ್ತು ಏನೂ ಮಾಡದೆ ಕೂತದ್ದು ಅದೇ ಮೊದಲು.

ಅಪ್ಪನ ಕಿವಿ ಮಂದವಾಗಿರಬಹುದೇ ಎಂಬ ಅನುಮಾನ ನನಗೆ. ಆದರೆ ಆ ವಾರ ನಮ್ಮ ಮನೆಯ ಅಟ್ಟದಲ್ಲಿ ಅಪ್ಪ ತೆಂಗಿನಕಾಯಿ ನೋಡಿಕೊಡಲು ಕೂತರು. ವರ್ಷಗಟ್ಟಲೆ ಅಟ್ಟದಲ್ಲಿಟ್ಟ ಕಾಯಿಯೊಳಗೆ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಕಿವಿಯ ಹತ್ತಿರ ಅಲ್ಲಾಡಿಸಿಯೇ ಹೇಳಬೇಕು. ಒಳಗೆ ಗಟಗಟ ಎಂದರೆ ಆಯಿತು. ನನ್ನ ಗಂಡ ಮೂರು ಸಲ ಅಲ್ಲಾಡಿಸಿ ಯೋಚಿಸುವಷ್ಟರಲ್ಲಿ ಅಪ್ಪ, "ಇದು ಆಗೈತೆ, ಇದು ಇನ್ನೂ ಹದಿನೈದು ದಿನ, ಇದು ಕೊಳ್ತೈತೆ, ಬಿಸಾಕು" ಎಂದು ಬೇರೆ ಬೇರೆ ಮಾಡುತ್ತಿದ್ದರು. ಒಡೆದು ನೋಡಿದರೆ ಒಂದೂ ತಪ್ಪಿಲ್ಲ. ಕಿವಿ ಚೊಕ್ಕಟವಾಗಿತ್ತು. ತಡವಾಗುತ್ತಿದ್ದದ್ದು ಕೈ.

ಹಾಗಂತ ನಾನು ಸುಲಭಕ್ಕೆ ಒಪ್ಪಲಿಲ್ಲ. ಈಗಿನ ಟಿವಿಗಳು ಚಿತ್ರವನ್ನು ಚೂರು ತಡಮಾಡಿ ತೋರಿಸುತ್ತವೆ, ಅದು ನನ್ನ ಕಸುಬಿನಲ್ಲಿ ಗೊತ್ತಿರುವ ವಿಷಯ. ಅದಕ್ಕೇ ಈ ಆಟದಲ್ಲಿ ಒಂದು ಹೊಂದಾಣಿಕೆಯ ಪುಟ ಇದೆ. ಟಿಕ್ ಎಂದಾಗಲೆಲ್ಲ ಮೀಟಿದರೆ ನಾವು ಎಷ್ಟು ಹಿಂದೆ ಬಿದ್ದೆವು ಎಂದು ಸೆಕೆಂಡನ್ನು ಸಾವಿರ ಚೂರು ಮಾಡಿ ಲೆಕ್ಕ ಕೊಡುತ್ತದೆ. ನನ್ನ ಕೈಯಲ್ಲಿ ಪರೀಕ್ಷೆ ಮಾಡಿ ಟಿವಿಯ ತಡವನ್ನು ಸರಿಪಡಿಸಿದೆ. "ಟಿವಿದೇ ತಪ್ಪು ಅಪ್ಪ, ಈಗ ಆಡಿ" ಎಂದೆ ಖುಷಿಯಲ್ಲಿ. ಅಪ್ಪ ಆಡಿದರು. ಮತ್ತೆ ಎಲ್ಲ ತಪ್ಪು. ಆಗ ಅದೇ ಪುಟದಲ್ಲಿ ಅವರ ಕೈಯಲ್ಲೂ ಮೀಟಿಸಿ ನೋಡಿದೆ. ನೂರ ನಲವತ್ತು ಚೂರು ತಡ. ಮೂರು ಸಲ ಮಾಡಿಸಿದೆ, ಮೂರು ಸಲವೂ ಅಷ್ಟೇ. ಹೆಚ್ಚಿಲ್ಲ, ಕಡಿಮೆಯಿಲ್ಲ.

ಶ್ರಾವಣಕ್ಕೆ ಇನ್ನು ಹನ್ನೆರಡು ದಿನ ಇತ್ತು. ಅಪ್ಪ ಕೈ ತೊಳೆಯಲು ಹಿತ್ತಲಿಗೆ ಹೋದರು. ನಾನು ಆ ಪುಟದಲ್ಲಿ ನೂರ ನಲವತ್ತನ್ನು ಕೂಡಿಸಿ ಉಳಿಸಿಬಿಟ್ಟೆ. ಅಂದರೆ ಇನ್ನು ಮೇಲೆ ಆಟ ಅವರ ಕೈಗಾಗಿ ಅಷ್ಟು ಹೊತ್ತು ಕಾಯುತ್ತದೆ. ಯೋಚನೆ ಮಾಡಿ ಮಾಡಿದ್ದಲ್ಲ. ಬೆರಳು ತಾನಾಗಿ ಮಾಡಿತು.

ಅವರು ಬಂದು, ಕಣ್ಣಿಗೊತ್ತಿಕೊಂಡು, ಕೂತರು. ಮೊದಲ ಹಸಿರು ಬಿಲ್ಲೆ ಬಂತು. ಗಿಟಾರು ನುಡಿಯಿತು. ಎರಡನೆಯದು, ಮೂರನೆಯದು. ಬಿಲ್ಲೆಗಳು ಬಂದು ಬಂದು ಅವರ ಬೆರಳಿಗೆ ತಾಕಿ ಬೆಳಕಾಗಿ ಹೋಗುತ್ತಿದ್ದವು. ಅರ್ಧ ಶಟರಿನ ಕೆಳಗಿನ ಬಿಸಿಲು, ಮೇಲೇರುವ ಗೋಡೆ, ಬೆಸುಗೆಯ ವಾಸನೆ, ಅದರ ನಡುವೆ ನೆಟ್ಟಗೆ ಗಿಟಾರು ಹಿಡಿದು ಕೂತ ನಮ್ಮಪ್ಪ. ಹಾಡು ಕೊನೆಯವರೆಗೂ ಹೋಯಿತು. ಟಿವಿಯೊಳಗಿನ ಜನ ಚಪ್ಪಾಳೆ ತಟ್ಟಿದರು. ಅಪ್ಪ ಬಲಗೈಯನ್ನು ಎಡಗೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಹತ್ತು ದಿನ ಹಾಗೇ ನಡೆಯಿತು. ನಾನು ಖುಷಿಯಾಗಿದ್ದೆ, ಸುಳ್ಳು ಯಾಕೆ ಹೇಳಲಿ. ಮಗಳು ಮಾತ್ರ, "ಏನಮ್ಮ, ನಾನಾಡಿದ್ರೆ ಎಲ್ಲಾ ಮಿಸ್ ಆಗ್ತಿದೆ" ಎಂದು ಜಗಳ ತೆಗೆದಳು. "ಓದೋದು ಬಿಟ್ಟು ಆಡಿದ್ರೆ ಹಂಗೇ ಆಗೋದು" ಎಂದು ಅವಳ ಬಾಯಿ ಮುಚ್ಚಿಸಿದೆ. ಆಮೇಲೆ ಶುಕ್ರವಾರ ಅಪ್ಪ ತಾಳವನ್ನು ಟವೆಲಿನಿಂದ ತೆಗೆದು ಹುಣಸೆಹಣ್ಣು ಹಾಕಿ ಉಜ್ಜಲು ಕೂತರು. ಆಗ ನನಗೆ ಜ್ಞಾನ ಬಂತು. ಅಯ್ಯೋ ಶಿವನೇ, ಇವರು ನಿಜಕ್ಕೂ ಹೋಗುತ್ತಾರೆ. ಕೈ ಸರಿಹೋಯಿತು ಎಂದು ನಂಬಿ ಊರವರೆಲ್ಲರ ಎದುರು ಪೆಟ್ಟಿಗೆ ಹಾಕಿಸುತ್ತಾರೆ. ಆ ಪೆಟ್ಟಿಗೆಯಲ್ಲಿ ನೂರ ನಲವತ್ತು ಕೂಡಿಸುವ ಪುಟ ಇಲ್ಲ. ಮೊದಲಾದರೂ ಅವರಿಗೆ ಅನುಮಾನ ಇತ್ತು, ಈಗ ಧೈರ್ಯ ಇದೆ. ಬೀಳುವುದಾದರೆ ಇನ್ನೂ ಜೋರಾಗಿ ಬೀಳುತ್ತಾರೆ, ಬೀಳಿಸುವವಳು ನಾನು.

ಸೋಮವಾರ ಅಂಗಡಿಗೆ ಬೀಗ ಹಾಕಿ ಅವರ ಜೊತೆ ಬಸ್ಸು ಹತ್ತಿದೆ. ಬೇಲೂರಿಗೆ ಹೋಗುವ ಬಸ್ಸು, ಮುಂದಿನ ಸೀಟು ಸಿಕ್ಕಿತು. ಬೆಳಿಗ್ಗೆ ಇಬ್ಬರೂ ಒಂದೊಂದು ಹಾಡು ಆಡಿ ಬಂದಿದ್ದೆವು. ಅದಕ್ಕೋ ಏನೋ ರಸ್ತೆ ತೀರಾ ಟಿವಿಯೊಳಗಿನದೇ ಆಗಿ ಹರಿದುಬರುತ್ತಿತ್ತು. ತೆಂಗಿನ ಮರಗಳು, ರಾಗಿ ಹೊಲ, ಮೈಲಿಗಲ್ಲು, ಒಂದು ಕೆಂಪು ಸೀರೆ, ಒಂದು ಹಳದಿ ಟಾಟಾ ಏಸ್, ಒಂದೊಂದಾಗಿ ದೂರದಿಂದ ಹೊರಟು ನಮ್ಮ ಹತ್ತಿರ ಬಂದು ಕಳಚಿಹೋಗುತ್ತಿದ್ದವು. ಅಪ್ಪನ ಬೆರಳು ಮುಂದಿನ ಕಂಬಿಯ ಮೇಲೆ ಆಡುತ್ತಿತ್ತು. ಜಾವಗಲ್ ದಾಟಿತು. ಇನ್ನು ತಡೆಯಲಾಗಲಿಲ್ಲ.

"ಅಪ್ಪ, ನಾನೊಂದು ತಪ್ಪು ಮಾಡಿದ್ದೀನಿ. ಆ ಆಟದಲ್ಲಿ..."

"ನಿಧಾನ ಮಾಡಿದ್ದೀಯ, ಗೊತ್ತು" ಎಂದರು ಅಪ್ಪ, ರಸ್ತೆಯಿಂದ ಕಣ್ಣು ತೆಗೆಯದೆ.

"ಹೇಗೆ ಗೊತ್ತಾಯ್ತಪ್ಪ?" ಎಂದೆ.

"ನಿನ್ ಮಗಳು ಆಡಿದ್ರೆ ಎಲ್ಲಾ ತಪ್ಪು, ನಾನಾಡಿದ್ರೆ ಎಲ್ಲಾ ಸರಿ. ಅಷ್ಟೂ ತಿಳಿಯಲ್ವೇನೇ ನಂಗೆ? ಬಿಲ್ಲೆ ಗೆರೆ ದಾಟಿದ್ಮೇಲೆ ನಾನು ಹೊಡೆಯೋದು ನನ್ ಕಣ್ಣಿಗೇ ಕಾಣ್ತದೆ." ಆಮೇಲೆ ಕೇಳಿದರು, "ಎಷ್ಟು ಇಟ್ಟಿದ್ದೆ?"

"ನೂರ ನಲವತ್ತು. ಸೆಕೆಂಡನ್ನ ಸಾವಿರ ಚೂರು ಮಾಡಿದ್ರೆ ಅದ್ರಲ್ಲಿ ನೂರ ನಲವತ್ತು." ಹೇಗೆ ತೋರಿಸುವುದೋ ತಿಳಿಯದೆ ಕಂಬಿಯ ಮೇಲೆ ಒಮ್ಮೆ ತಟ್ಟಿ, ಅಂದಾಜಿನಲ್ಲಿ ಅಷ್ಟು ಬಿಟ್ಟು ಇನ್ನೊಮ್ಮೆ ತಟ್ಟಿದೆ. ಟಟ್.

"ಇಷ್ಟೇನಾ?" ಎಂದು ನಕ್ಕುಬಿಟ್ಟರು. "ಇಷ್ಟಕ್ಕೇನಾ ನಾವೆಲ್ಲ ಇಷ್ಟು ರಾದ್ಧಾಂತ ಮಾಡಿದ್ದು? ಸ್ಟಾಪು ಬರೋಕ್ ಮುಂಚೆ ಸೀಟಿಂದ ಏಳಲ್ವಾ? ಹಂಗೇ ಅಷ್ಟು ಮುಂಚೆ ಕೈ ಎತ್ತಿದ್ರಾಯ್ತು." ಹೀಗೆನ್ನುತ್ತಾ ಚೀಲ ಹಿಡಿದು ಎದ್ದೇ ನಿಂತರು. ನಮ್ಮ ಸ್ಟಾಪು ಬರಲು ಇನ್ನೂ ಅರ್ಧ ಫರ್ಲಾಂಗು ಇತ್ತು.

ಗುಡಿಯಲ್ಲಿ ಎಲ್ಲರೂ ಸೇರಿದ್ದರು. "ಬನ್ನಿ ಬನ್ನಿ" ಎಂದು ಜಾಗ ಬಿಟ್ಟರು. ಯಾರೂ ಹಳೆಯದನ್ನು ಎತ್ತಲಿಲ್ಲ. ಅಪ್ಪನೇ, "ಎಲ್ಲೋ ನಿನ್ ಪೆಟ್ಟಿಗೆ? ಹಾಕೋ" ಎಂದು ಢೋಲಕ್ಕಿನವನಿಗೆ ಹೇಳಿದರು. ಅವನು ತಲೆ ತಗ್ಗಿಸಿಕೊಂಡು ಹಾಕಿದ. ನಾನು ಹೆಂಗಸರ ಸಾಲಿನಲ್ಲಿ ಕೂತು ಸೆರಗಿನೊಳಗೆ ಬೆರಳು ಮಡಿಸಿ ಏಟು ಎಣಿಸುತ್ತಿದ್ದೆ. ಮೊದಲ ಹಾಡಿನಲ್ಲಿ ನಾಲ್ಕಾರು ಏಟು ಮುಂದೆಯೇ ಬಿದ್ದವು, ಆಮೇಲೆ ಕೂಡಿಕೊಂಡವು. ಎರಡನೆಯದು ಪೂರ್ತಿ ಸರಿ. ಕಣ್ಣು ಮುಚ್ಚಿ, ಬರುವ ಏಟನ್ನು ದೂರದಿಂದಲೇ ಕಂಡವರ ಹಾಗೆ ಕೈ ಎತ್ತುತ್ತಿದ್ದರು. ನನಗೆ ಎದ್ದು ಕುಣಿಯಬೇಕೆನ್ನಿಸಿತು. ಮೂರನೆಯ ಹಾಡು ಓಟದ ಹಾಡು. ನಡುವೆ ವೇಗ ಏರುತ್ತದೆ, ಢೋಲಕ್ಕಿನ ಹುಡುಗ ಪೆಟ್ಟಿಗೆಯ ಗುಂಡಿ ತಿರುಗಿಸಿದ. ಅಪ್ಪನ ಕೈ ಒಂದು ಸುತ್ತು ಓಡಿತು, ಎರಡು ಸುತ್ತು ಓಡಿತು, ಆಮೇಲೆ ದಣಿಯಿತು. ಏಟು ಹಿಂದೆ ಬಿತ್ತು. ಇನ್ನೂ ಹಿಂದೆ ಬಿತ್ತು.

ಅಪ್ಪ ತಾಳದ ಎರಡು ಬಿಲ್ಲೆಗಳನ್ನು ಅಗಲಿಸಿ ಹಿಡಿದು, ಹೊಡೆಯದೆ, ಹಾಗೇ ನಿಲ್ಲಿಸಿಬಿಟ್ಟರು. ಹಾಡಿನ ನಡುವೆ. ನಮ್ಮಪ್ಪ.

ಹಾಡು ನಿಂತಿತು. ಒಬ್ಬರ ಬಾಯಲ್ಲೂ ಮುಂದಿನ ಪದ ಬರಲಿಲ್ಲ. ಹಾರ್ಮೋನಿಯಂ ನಿಂತಿತು, ಢೋಲಕ್ಕು ನಿಂತಿತು. ಪೆಟ್ಟಿಗೆ ಮಾತ್ರ ಟಕ್ ಟಕ್ ಟಕ್ ಟಕ್ ಎಂದು ತನ್ನಷ್ಟಕ್ಕೆ ಓಡುತ್ತಿತ್ತು. ಎಲ್ಲರೂ ಅಪ್ಪನ ಅಗಲಿಸಿದ ಕೈಗಳನ್ನೇ ನೋಡುತ್ತಿದ್ದರು. ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ. ಗುಡಿಯ ಗೋಡೆ ಮೆಲ್ಲಗೆ ಮೇಲಕ್ಕೆ ಹೋಗುತ್ತಿತ್ತು, ನನ್ನ ಕಣ್ಣು ತುಂಬಿದ್ದಕ್ಕೂ ಇರಬಹುದು. ಕೊನೆಗೆ ಢೋಲಕ್ಕಿನ ಹುಡುಗ ಕೈ ಚಾಚಿ ಪೆಟ್ಟಿಗೆಯನ್ನು ಆರಿಸಿದ.

"ನೀವ್ ಹೊಡೀರಿ ತಾತ" ಎಂದ.

ಹಾರ್ಮೋನಿಯಂ ಹಿಡಿದಿದ್ದ ಹಿರಿಯರು ಅಪ್ಪನ ಕಡೆ ಬಗ್ಗಿ, "ನೀವಿಲ್ದೆ ನಾಲ್ಕು ಸೋಮವಾರ ಹಾಡಿದ್ವಿ ಕಣ್ರೀ. ಹಾಡೆಲ್ಲ ಬೇಗ ಮುಗ್ದೋಗ್ತಿದ್ವು. ಮನೆಗೆ ಹೋಗಿ ಏನು ಮಾಡದು ಅಂತಾನೇ ತಿಳೀತಿರ್ಲಿಲ್ಲ" ಎಂದರು. ಯಾರೋ ನಕ್ಕರು. ಅಪ್ಪ ತಾಳ ಕೂಡಿಸಿದರು. ಅವರದೇ ಕೈ, ಅವರದೇ ತಡ. ಅದರ ಹಿಂದೆ ಎಲ್ಲರೂ ಬಂದರು. ಮಂಗಳ ಹಾಡುವಷ್ಟರಲ್ಲಿ ನನ್ನ ಬಸ್ಸು ಹೋಗಿತ್ತು. ಅಣ್ಣನ ಮನೆಯಲ್ಲಿ ಉಳಿದೆ.

ಆಟದ ಆ ಲೆಕ್ಕವನ್ನು ನಾನು ಮತ್ತೆ ಬದಲಾಯಿಸಲಿಲ್ಲ. ಮಗಳು ಬೈದು ಬೈದು ಆಟವನ್ನೇ ಬಿಟ್ಟಳು. ನನಗೂ ಮೊದಲು ಎಲ್ಲ ತಪ್ಪುತ್ತಿತ್ತು. ಮಧ್ಯಾಹ್ನ ಶಟರ್ ಇಳಿಸಿ ಕೂತು, ಬಿಲ್ಲೆ ಗೆರೆ ಮುಟ್ಟಿದರೂ ಕೈ ಬಿಗಿಹಿಡಿದು, ಚೂರು ಕಾದು, ಆಮೇಲೆ ಮೀಟುವುದನ್ನು ಕಲಿತೆ. ಅದು ಬೇಗ ಮೀಟುವುದಕ್ಕಿಂತ ಕಷ್ಟ.

ದೀಪಾವಳಿಗೆ ಅಪ್ಪ ಬಂದಿದ್ದಾಗ ಅದೇ ಸ್ಟೂಲಿನ ಮೇಲೆ ಗೋಡೆಗೊರಗಿ ಕೂತಿದ್ದರು. ನಿದ್ದೆ ಹೋದರು ಎಂದುಕೊಂಡು ನಾನು ಒಂದು ಹಾಡು ಹಾಕಿದೆ. ಒಂದೂ ತಪ್ಪದೆ ಮುಗಿಯಿತು. ಅಪ್ಪ ಕಣ್ಣು ತೆರೆಯದೆಯೇ ಅಂದರು, "ಹ್ಞಾ, ಈಗ ಬಂತು ನೋಡು ನಿಂಗೆ ತಾಳ."